ಎದುರು ಮಾತಾಡುವ ಹುಡುಗಿ

ಮೀನಿನ ಫ್ಯಾಕ್ಟರಿಯಿಂದ ಮನೆಗೆ ಬಂದರೆ ವರ್ನೀಸಳ ಬೆರಳುಗಳು ಅವಳ ಮಾತು ಕೇಳುತ್ತಿರಲಿಲ್ಲ. ಬಾಗಿಲಿನ ಬೀಗ ತೆಗೆಯಲೂ ಎರಡು ಕೈ ಬೇಕಾಗುತ್ತಿತ್ತು. ಐಸ್ ನೀರಲ್ಲಿ ನೆಂದ ಮೀಸೆ ಮೀನನ್ನು ಬೆಳಗಿನಿಂದ ಒಂದೇ ಸಮ ಸೀಳಬೇಕು. ರೆಕ್ಕೆಯ ಮುಳ್ಳು ಕೈಗವಸು ದಾಟಿ ಚುಚ್ಚುತ್ತದೆ. ಉಚ್ಚೆಗೆ ಹೋಗಬೇಕೆಂದರೆ ಸ್ಕೂಲು ಮಕ್ಕಳ ಹಾಗೆ ಕೈ ಎತ್ತಿ ನಿಲ್ಲಬೇಕು. ಸೂಪರ್‌ವೈಸರು ಗಡಿಯಾರ ನೋಡಿ ತಲೆಯಾಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಿಸಿಸಿಪ್ಪಿಯ ಹಾಲಿಸ್ ಬೆಂಡ್ ಊರಿನಲ್ಲಿ ಹತ್ತಿ ಬಿಡಿಸುವ ಕೆಲಸ ಯಂತ್ರದ ಪಾಲಾದ ಮೇಲೆ ಕರಿಯ ಹೆಂಗಸರಿಗೆ ಉಳಿದದ್ದು ಇದೊಂದೇ. ಅವರ ಅಜ್ಜಿಯರು ಬೆನ್ನು ಬಗ್ಗಿಸಿದ ಹೊಲದಲ್ಲೇ ಕೆರೆ ತೋಡಿಸಿ, ಅದೇ ಜಮೀನ್ದಾರ ಮನೆತನದವರು ಮೀನು ಬಿಟ್ಟಿದ್ದರು. ಬೆಳೆ ಬದಲಾಗಿತ್ತು. ಧಣಿ ಬದಲಾಗಿರಲಿಲ್ಲ.

ವರ್ನೀಸಳ ಪಕ್ಕದಲ್ಲಿ ನಿಂತು ಮೀನು ಸೀಳುವವಳು ಶವಾಂಡಾ. ಇನ್ನೂ ಎಳೆಯ ಹುಡುಗಿ. ಬಲಗಾಲು ಎಳೆದು ನಡೆಯುತ್ತಾಳೆ. ಕೆಲವು ವರ್ಷದ ಕೆಳಗೆ ಇವಳ ಬಾಸ್ಕೆಟ್‌ಬಾಲ್ ನೋಡಲು ಊರಿಗೆ ಊರೇ ನೆರೆಯುತ್ತಿತ್ತು. ಪಟ್ಟಣದ ದೊಡ್ಡ ಖಾಸಗಿ ಶಾಲೆಯವರು ಬಂದು, ಪುಕ್ಕಟೆ ಓದಿಸುತ್ತೇವೆ ಎಂದು ಕರಕೊಂಡು ಹೋದರು. ಮೊಣಕಾಲು ಊದಿಕೊಂಡಾಗ ಕೂರಿಸಲಿಲ್ಲ, ಸೂಜಿ ಚುಚ್ಚಿ ಆಡಿಸಿದರು. ಒಳಗಿನ ನರ ಪೂರ್ತಿ ಹರಿದು, ಇನ್ನು ಆಡಲಾರಳು ಎಂದು ಗೊತ್ತಾದ ವಾರದಲ್ಲೇ ಬಸ್ಸು ಹತ್ತಿಸಿದರು. ಹೈಸ್ಕೂಲೂ ಮುಗಿಯಲಿಲ್ಲ.

ವರ್ನೀಸಳ ಮಗಳು ಲಟೋರಿಯಾ. ಹನ್ನೊಂದನೇ ಕ್ಲಾಸು, ಅಲ್ಲಿ ಹೈಸ್ಕೂಲು ಹನ್ನೆರಡರವರೆಗೆ. ಎಲ್ಲರ ಬಾಯಲ್ಲೂ ಟೋರಿ. ಊರಿನ ಸರ್ಕಾರಿ ಹೈಸ್ಕೂಲಿನ ತಂಡದಲ್ಲಿ ಅವಳೇ ಪಾಯಿಂಟ್ ಗಾರ್ಡ್. ಚೆಂಡು ಹೊತ್ತು ಬರುವವಳೂ ಅವಳೇ, ಉಳಿದ ನಾಲ್ವರನ್ನು ಆಡಿಸುವವಳೂ ಅವಳೇ. ಅಂಕಣಕ್ಕೆ ಇಳಿದಳೆಂದರೆ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಡೆಸ್ಸಾ, ಮೂಲೆಗೆ! ಮೂಲೆಗೆ ಅಂದ್ನಲ್ಲೇ ಕಿವುಡೀ!"

ಆರಡಿಯ ಡೆಸ್ಸಾ ಬೈಸಿಕೊಂಡು ಮೂಲೆಗೆ ಓಡುತ್ತಿದ್ದಳು. ಅವಳು ತಿರುಗುವಷ್ಟರಲ್ಲಿ ಚೆಂಡು ಅವಳ ಕೈಯಲ್ಲಿರುತ್ತಿತ್ತು.

ಆ ಚಳಿಗಾಲದ ಒಂದು ಸಂಜೆ ರಸ್ಟಿ ಹಾರ್ಗೆಟ್ ಬಂದ. ಆಟಗಾರರನ್ನು ಅಳೆದು, ಯಾರಲ್ಲಿ ಏನಿದೆ ಏನಿಲ್ಲ ಎಂದು ವರದಿ ಬರೆದು ಕಾಲೇಜುಗಳಿಗೆ ಮಾರುವುದು ಅವನ ಕಸುಬು. ಆ ಖಾಸಗಿ ಶಾಲೆಗೆ ಹುಡುಗಿಯರನ್ನು ಹುಡುಕಿ ಕೊಡುವವನೂ ಅವನೇ. ಕೆಂಪು ಮುಖ, ಇಸ್ತ್ರಿ ಮಾಡಿದ ಅಂಗಿ. ಇಡೀ ಆಟ ಚೂಯಿಂಗ್ ಗಮ್ ಅಗಿಯುತ್ತಾ ನೋಡಿದ. ಆಟ ಮುಗಿದ ಮೇಲೆ ಟೋರಿಯನ್ನು ಬೆರಳು ಮಾಡಿ ಕರೆದ.

"ಕೈ ತೋರ್ಸು."

ಅವಳ ಅಂಗೈಯನ್ನು ತನ್ನ ಅಂಗೈ ಮೇಲೆ ಹಾಸಿ ಬೆರಳು ಎಳೆದು ನೋಡಿದ. ಭುಜ ಹಿಡಿದು ತಿರುಗಿಸಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ, ನೋಡುತ್ತಿದ್ದದ್ದು ಅವಳನ್ನೇ ಆದರೂ ಮಾತು ಬೇರೆಯವರ ಜೊತೆ.

"ಇವ್ಳಪ್ಪ ಎಷ್ಟೆತ್ತರ, ವರ್ನೀಸ್?"

ಆಟ ನೋಡಲು ಬಂದಿದ್ದ ವರ್ನೀಸ್ ವಯಸ್ಸಿನಲ್ಲಿ ಅವನಿಗಿಂತ ದೊಡ್ಡವಳು. ಅವನನ್ನು ಅವಳು 'ಮಿಸ್ಟರ್ ಹಾರ್ಗೆಟ್' ಎನ್ನುತ್ತಿದ್ದಳು.

"ಬಿಟ್ಟು ಹೋದೋನ ಎತ್ತರ ಕಟ್ಕೊಂಡು ಏನ್ ಮಾಡ್ತೀರಾ, ಮಿಸ್ಟರ್ ಹಾರ್ಗೆಟ್?"

"ಇವ್ಳು ಇನ್ನೊಂದಿಂಚು ಬೆಳೀತಾಳಾ ಅಂತ." ಅವನು ತಂಡದ ಕೋಚ್ ಮಿಸ್ ಡಿಲ್ವರ್ತ್ ಕಡೆ ತಿರುಗಿದ. ಆಕೆ ವಿಜ್ಞಾನದ ಟೀಚರು, ನಿವೃತ್ತಿ ಹತ್ತಿರವಿತ್ತು. "ಒಳ್ಳೇದು ಮೊದ್ಲು ಹೇಳ್ತೀನಿ. ಕಣ್ಣು. ಈ ಹುಡ್ಗಿ ಚೆಂಡು ನೋಡೋದೇ ಇಲ್ಲ, ತಲೆ ಎತ್ಕೊಂಡು ಆಡ್ತಾಳೆ. ಜೊತೆಯವ್ಳು ಬಿಡಿಸ್ಕೊಳ್ಳೋಕ್ ಮುಂಚೇನೇ ಪಾಸ್ ಹೊರಟಿರುತ್ತೆ. ಇದನ್ನ ಯಾರೂ ಕಲ್ಸೋಕಾಗಲ್ಲ. ಕೆಟ್ಟದ್ದು ಎಡಗೈ. ಎಡಕ್ಕೆ ತಳ್ಳಿದ್ರೆ ತಡವರಿಸ್ತಾಳೆ. ದೂರದಿಂದ ಎಸೆಯೋದು ನಿಧಾನ. ಸುಸ್ತಾದ್ರೆ ಡಿಫೆನ್ಸಲ್ಲಿ ಸೋಮಾರಿ."

"ಎಡಗೈ ನಿಜ," ಎಂದಳು ಟೋರಿ. "ಸೋಮಾರಿ ಅನ್ನೋದೂ ನಿಜಾನೇ."

ವರ್ನೀಸಳಿಗೆ ಒಳಗೊಳಗೇ ಹಿಗ್ಗಾಯಿತು. ಮನುಷ್ಯನಿಗೆ ಕಣ್ಣಿದೆ, ಸುಳ್ಳು ಹೇಳುತ್ತಿಲ್ಲ ಎಂದುಕೊಂಡಳು.

"ನಮ್ಮ ಶಾಲೆಗೆ ಬಾ," ಎಂದ ಹಾರ್ಗೆಟ್. "ಊಟ, ವಸತಿ, ಶೂಸು ಎಲ್ಲಾ ನಮ್ದು. ಹನ್ನೊಂದನೇ ಕ್ಲಾಸನ್ನ ಇನ್ನೊಂದ್ಸಲ ಓದ್ಬೇಕು, ಅಷ್ಟೇ."

"ಪಾಸಾಗೋ ಕ್ಲಾಸನ್ನ ಎರಡ್ಸಲ ಯಾಕ್ ಓದ್ಲಿ?"

"ಒಂದ್ವರ್ಷ ಹೆಚ್ಚಿಗೆ ಆಡ್ಬಹುದಲ್ಲ."

"ಹೆಚ್ಚಿಗೆ ಅಂದ್ರೆ ಯಾರಿಗೆ, ಸಾರ್?"

ಹಿಂದೆ ನಿಂತ ಹುಡುಗಿಯರು ಕಿಸಕ್ಕೆಂದರು. ಹಾರ್ಗೆಟ್ ಅಗಿಯುವುದನ್ನು ನಿಲ್ಲಿಸಿದ.

"ಇನ್ನೊಂದು," ಎಂದಳು ಟೋರಿ. "ಶವಾಂಡಕ್ಕನ್ನ ಕರ್ಕೊಂಡು ಹೋದೋರು ನೀವೇ ಅಲ್ವಾ?"

"ಯಾವ ಶವಾಂಡಾ?"

ಅವನು ನಟಿಸುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದ. ಅದನ್ನು ಕಂಡು ವರ್ನೀಸಳ ಹಿಗ್ಗು ಅಲ್ಲೇ ಇಂಗಿತು.

"ನಾನು ಬರಲ್ಲ, ಸಾರ್," ಎಂದಳು ಟೋರಿ.

"ಹುಡ್ಗಿಗೆ ನಾಲಿಗೆ ಸ್ವಲ್ಪ ಉದ್ದ, ವರ್ನೀಸ್," ಎಂದವನೇ ಜಾಕೆಟ್ಟು ಹೆಗಲಿಗೆ ಹಾಕಿಕೊಂಡು ಹೊರಟ.

ರಾಜ್ಯದ ಒಂದು ವಿಶ್ವವಿದ್ಯಾಲಯದ ಕೋಚ್ ಪ್ರತಿ ಭಾನುವಾರ, ಚರ್ಚ್ ಮುಗಿಯುವ ಹೊತ್ತಿಗೆ, ಟೋರಿಗೆ ಫೋನು ಮಾಡುತ್ತಿದ್ದರು. ಹೈಸ್ಕೂಲು ಮುಗಿದ ಮೇಲೆ ಬಾ, ನಿನಗೊಂದು ಜಾಗ ಇಟ್ಟಿದ್ದೇನೆ ಎನ್ನುತ್ತಿದ್ದರು. ಹಾರ್ಗೆಟ್ ಬಂದು ಹೋದ ಮೇಲೆ ಒಂದು ಭಾನುವಾರ ಫೋನು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಟೋರಿ ಫೋನನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. "ಪಾಪ, ಕೆಲಸ ಇರ್ಬೇಕು ಅವ್ರಿಗೆ," ಎನ್ನುತ್ತಿದ್ದಳು, ಯಾರೂ ಕೇಳದಿದ್ದರೂ.

ಕೊನೆಗೆ ಮಿಸ್ ಡಿಲ್ವರ್ತ್ ತಾವೇ ಫೋನು ಮಾಡಿ ವಿಚಾರಿಸಿದರು. ಸಂಜೆ ವರ್ನೀಸಳ ಅಡಿಗೆಮನೆಗೆ ಬಂದು ಕೂತರು. ಒಲೆಯ ಮೇಲೆ ಸೊಪ್ಪು ಬೇಯುತ್ತಿತ್ತು.

"ಆ ಹಾರ್ಗೆಟ್ಟನ ವರದಿ ಎಲ್ಲಾ ಕಾಲೇಜಿಗೂ ಹೋಗಿದೆ, ವರ್ನೀಸ್."

"ಎಡಗೈ ತಾನೇ? ಅವ್ಳು ದಿನಾ ಎಡಗೈಲೇ ಆಡ್ತಾ ಇದಾಳೆ. ಊಟಾನೂ ಎಡಗೈಲೇ."

"ಎಡಗೈ ಅಲ್ಲಮ್ಮಾ. 'ಮೊಣಕಾಲು ಅನುಮಾನ. ಕೋಚ್ ಮಾತು ಕೇಳುವುದಿಲ್ಲ. ಎದುರು ಮಾತಾಡುತ್ತಾಳೆ.' ಹಂಗಂತ ಬರ್ದಿದಾನೆ."

ವರ್ನೀಸ್ ಸೌಟು ಕೆಳಗಿಟ್ಟಳು. "ಮೊಣಕಾಲಾ? ಹುಟ್ಟಿದಾಗಿಂದ ಅವ್ಳಿಗೆ ಮಂಡಿ ತರಚಿದ್ದು ಬಿಟ್ರೆ ಏನೂ ಆಗಿಲ್ಲ! ಅವ್ನು ಕಾಲು ಮುಟ್ಟಿ ಸೈತ ನೋಡ್ಲಿಲ್ಲವಲ್ಲ!"

"ಡಾಕ್ಟರ ಹತ್ರ ತೋರ್ಸಿ ಬರೆಸಿ ಕಳಿಸ್ತೀನಿ ಅಂದೆ. ಬೇರೆಯವ್ರನ್ನ ತಗೊಂಡಾಯ್ತು ಅಂದ್ರು."

ಬಾಗಿಲಲ್ಲಿ ನಿಂತಿದ್ದ ಟೋರಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳಲಿಲ್ಲ. ತನ್ನ ಎರಡು ಮೊಣಕಾಲನ್ನೂ ಒಮ್ಮೆ ನೋಡಿಕೊಂಡಳು, ಯಾರದೋ ಕಾಲು ನೋಡುವವಳ ಹಾಗೆ.

ಮಾರನೇ ದಿನ ಊಟದ ಬಿಡುವಿನಲ್ಲಿ ವರ್ನೀಸ್ ಹಾರ್ಗೆಟ್ಟನಿಗೆ ಫೋನು ಮಾಡಿದಳು. ಅವನ ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಕಾಲ ಮಿಂಚಿಲ್ಲ, ವರ್ನೀಸ್. ನಮ್ಮ ಶಾಲೆಗೆ ಕಳ್ಸು. ಒಂದು ಸೀಸನ್ ಬಾಯಿ ಮುಚ್ಕೊಂಡು ಆಡ್ಲಿ. ಮೊಣಕಾಲು ವಾಸಿಯಾಗಿದೆ ಅಂತ ನಾನೇ ಬರೀತೀನಿ."

"ಇಲ್ಲದ ನೋವು ವಾಸಿಯಾಗೋದು ಹೆಂಗೆ, ಮಿಸ್ಟರ್ ಹಾರ್ಗೆಟ್?"

"ನಾನು ಬರೆದ್ರೆ ನೋವು ಬರುತ್ತೆ. ನಾನು ಬರೆದ್ರೆ ಹೋಗುತ್ತೆ. ಇಷ್ಟು ವರ್ಷ ದುಡಿದಿದೀಯ, ನಿಂಗೆ ಗೊತ್ತಿರ್ಬೇಕಲ್ಲ."

ಗೊತ್ತಿತ್ತು. ಮಣಿಕಟ್ಟು ಹೋದ ಹೆಂಗಸಿಗೆ ಏನೂ ಆಗಿಲ್ಲ ಎಂದು ಬರೆಯುವ ಫ್ಯಾಕ್ಟರಿ ಡಾಕ್ಟರನನ್ನು ಅವಳು ಕಂಡಿದ್ದಳು. ಅಲ್ಲಿ ಇದ್ದ ನೋವನ್ನು ಇಲ್ಲ ಅನ್ನುತ್ತಾರೆ, ಇಲ್ಲಿ ಇಲ್ಲದ್ದನ್ನು ಇದೆ ಅನ್ನುತ್ತಾರೆ. ಎರಡು ಕಡೆಯೂ ಮೈ ಮಾತ್ರ ಈ ಹೆಂಗಸರದು.

ಆದರೂ ತಾಯಿ ಜೀವ. ಮಗಳನ್ನು ಕೂರಿಸಿಕೊಂಡು ಹೇಳಿದಳು: "ಹೋಗ್ಬಿಡು ಮಗಾ. ಒಂದ್ವರ್ಷ ಹಲ್ಲು ಕಚ್ಕೊಂಡು ಇದ್ದು ಬಾ. ನೀನು ಆ ಮೀನಿನ ವಾಸನೆಗೆ ಬರೋದು ಬ್ಯಾಡ."

"ದಿನಾ ಶವಾಂಡಕ್ಕನ ಪಕ್ಕ ನಿಲ್ತೀಯಲ್ಲಮ್ಮಾ. ಅವ್ಳ ಕಾಲು ನೋಡ್ಕೊಂಡೇ ಈ ಮಾತು ಹೇಳ್ತೀಯಾ?"

ಸಿಟ್ಟಿಗೆ ವರ್ನೀಸಳ ಕೈ ಎದ್ದಿತು. ಬೆರಳು ಮಡಚಿಕೊಂಡು ಬಿಚ್ಚಲಾರದೆ ಗಾಳಿಯಲ್ಲೇ ನಿಂತಿತು. ಟೋರಿ ಆ ಕೈಯನ್ನು ಹಿಡಿದುಕೊಂಡು ತನ್ನ ತೊಡೆಯ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಇಬ್ಬರೂ ಮತ್ತೆ ಆ ಮಾತೆತ್ತಲಿಲ್ಲ.

ಬೇಸಗೆಯಲ್ಲಿ ಆ ಖಾಸಗಿ ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ದೊಡ್ಡ ಕ್ಯಾಂಪು. ಸುತ್ತಿನ ಊರುಗಳ ತಂಡಗಳೆಲ್ಲ ಆಡುತ್ತವೆ, ಕಾಲೇಜಿನವರು ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಹಾಲಿಸ್ ಬೆಂಡ್ ತಂಡಕ್ಕೂ ಕರೆ ಬಂದಿತ್ತು. ವರ್ನೀಸ್ ರಜೆ ಕೇಳಿದಳು.

"ಶನಿವಾರ ಬರ್ದೇ ಹೋದ್ರೆ ಈ ಜಾಗ ನಿಂದಲ್ಲ," ಎಂದ ಸೂಪರ್‌ವೈಸರು.

"ಯಾವತ್ತು ನಂದಾಗಿತ್ತು?" ಎಂದಳು ವರ್ನೀಸ್. ಅವಳಿಗೇ ಆಶ್ಚರ್ಯವಾಯಿತು.

ಶನಿವಾರ ಅವಳು ಕಾರು ತೆಗೆಯುವಾಗ ಶವಾಂಡಾ ಬಂದು ಮುಂದಿನ ಸೀಟಿನಲ್ಲಿ ಕೂತಳು. "ನಾನೂ ಬತ್ತೀನಿ. ಆ ಜಾಗ ನೋಡಿ ಬಾಳ ದಿನ ಆಯ್ತು," ಎಂದಳಷ್ಟೆ.

ಅಂದು ಟೋರಿ ಆಡಿದ ಆಟವನ್ನು ಹಾಲಿಸ್ ಬೆಂಡಿನವರು ಇವತ್ತಿಗೂ ಹೇಳುತ್ತಾರೆ. ಎಡಗೈಯಲ್ಲೇ ನುಗ್ಗಿದಳು. ಎದುರಾಳಿಗಳು ಎಡಕ್ಕೆ ತಳ್ಳಿದಷ್ಟೂ ಎಡಕ್ಕೇ ಹೋದಳು. ಡೆಸ್ಸಾ ಬುಟ್ಟಿಯ ಕೆಳಗೆ ನಿಂತು ಬಂದದ್ದನ್ನೆಲ್ಲ ಹಾಕಿದಳು. ಕಾಲೇಜಿನವರು ಪಕ್ಕದವರ ಕಿವಿಯಲ್ಲಿ ಏನೋ ಅಂದರು.

ಆಟವಾದ ಮೇಲೆ ಎಲ್ಲ ತಂಡದ ಹುಡುಗಿಯರನ್ನೂ ಸಾಲಾಗಿ ನಿಲ್ಲಿಸಿದರು. ಹಾರ್ಗೆಟ್ ಮೈಕು ಹಿಡಿದು ಒಬ್ಬೊಬ್ಬಳ ಗುಣದೋಷ ಹೇಳುತ್ತಾ ಬಂದ. "ಈಕೆ ತೂಕ ಜಾಸ್ತಿ. ಈಕೆಗೆ ಧೈರ್ಯ ಸಾಲದು." ಹುಡುಗಿಯರು ನೆಲ ನೋಡುತ್ತಿದ್ದರು. ಡೆಸ್ಸಾಳ ಮುಂದೆ ನಿಂತು, "ಎತ್ತರ ಬಿಟ್ರೆ ಏನೂ ಇಲ್ಲ," ಎಂದ. ಟೋರಿಯ ಮುಂದೆ ಬಂದ.

"ಪಾಯಿಂಟ್ ಗಾರ್ಡ್. ದೃಷ್ಟಿ ಚೆನ್ನಾಗಿದೆ. ಮೊಣಕಾಲು ಅನುಮಾನ. ಎದುರು..."

"ಯಾವ ಮೊಣಕಾಲು, ಸಾರ್?"

ಮೈಕು ಹತ್ತಿರವೇ ಇತ್ತು. ಅವಳ ದನಿ ಮೇಲಿನ ಸಾಲಿನವರೆಗೂ ಕೇಳಿಸಿತು.

"ಏನು?"

"ಎಡದ್ದಾ, ಬಲದ್ದಾ?"

ಹಾರ್ಗೆಟ್ ನಗಲು ನೋಡಿದ. "ನೋಡಿ, ನಾನು ಬರೆದದ್ದು ಇದನ್ನೇ..."

"ಎಡದ್ದಾ ಬಲದ್ದಾ ಹೇಳಿ, ಸಾರ್. ನಿಮ್ಮ ಮಾತಿಗೆ ನನ್ನ ಕಾಲೇಜು ಹೋಯ್ತು. ಯಾವ ಕಾಲಿಗೆ ಹೋಯ್ತು ಅಂತಾದ್ರೂ ಗೊತ್ತಾಗ್ಲಿ."

"ಬಲ..." ಎಂದ ಅವನು.

ವರ್ನೀಸಳ ಪಕ್ಕದಲ್ಲಿದ್ದ ಶವಾಂಡಾ ಎದ್ದಳು. ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಆ ಮಿರುಗುವ ಮರದ ನೆಲದ ಮೇಲೆ ಕಾಲು ಎಳೆಯುತ್ತಾ ಹುಡುಗಿಯರ ಸಾಲಿನವರೆಗೆ ನಡೆದಳು. ಯಾರೂ ತಡೆಯಲಿಲ್ಲ, ಕುಂಟುವವಳನ್ನು ತಡೆಯಲು ಸಂಕೋಚಪಟ್ಟಿರಬೇಕು. ಟೋರಿಯ ಪಕ್ಕ ನಿಂತು ಪ್ಯಾಂಟನ್ನು ಮಂಡಿಯ ಮೇಲಕ್ಕೆ ಸುತ್ತಿದಳು. ಹೊಲಿಗೆಯ ಗುರುತು ಹಾವಿನಂತೆ ಮಲಗಿತ್ತು.

"ನೀವು ಹೇಳ್ತಿರೋ ಬಲಗಾಲು ಇದಿರ್ಬೇಕು, ಸಾರ್. ಇದೇ ನೆಲದ ಮ್ಯಾಲೆ ಹರೀತು. ಇದ್ರ ವರದೀನ ಯಾವ ಕಾಲೇಜಿಗೆ ಕಳ್ಸಿದ್ರಿ?"

ಹಾರ್ಗೆಟ್ ಮೈಕನ್ನು ಕೈಯಿಂದ ಮುಚ್ಚಿ ಕಾವಲಿನವರನ್ನು ಕರೆದ. ಇಬ್ಬರು ಬಂದು ಶವಾಂಡಾಳ ತೋಳು ಹಿಡಿದರು.

"ಕೈ ಬಿಡ್ರೋ!" ವರ್ನೀಸ್ ಮೇಲಿನಿಂದ ಕೂಗಿದಳು. ಕೂಗುತ್ತಲೇ ಇಳಿದಳು. "ಒಂದ್ಸಲ ಎತ್ತಿ ಬಿಸಾಕಿದ್ದು ಸಾಲ್ದಾ? ಮುಟ್ಬೇಡಿ ಅವ್ಳನ್ನ!"

ಟೋರಿ ನೆಲದ ಮೇಲೆ ಕೂತಳು. ಡೆಸ್ಸಾ ಕೂತಳು. ಹಾಲಿಸ್ ಬೆಂಡಿನ ಹುಡುಗಿಯರೆಲ್ಲ ಕೂತರು. ಧೈರ್ಯ ಸಾಲದು ಅನ್ನಿಸಿಕೊಂಡ, ಯಾವುದೋ ಊರಿನ ಸಣ್ಣ ಹುಡುಗಿ ಅತ್ತಿತ್ತ ನೋಡಿ ಅವಳೂ ಕೂತಳು. ಮುಂದಿನ ಪಂದ್ಯ ಶುರುವಾಗಲಿಲ್ಲ. ಪೊಲೀಸರನ್ನು ಕರೆಸಿ ಎಬ್ಬಿಸಿದ ಮೇಲಷ್ಟೇ ನೆಲ ಖಾಲಿಯಾಯಿತು.

ಇದರಿಂದ ಯಾರ ಕಣ್ಣೂ ತೆರೆಯಲಿಲ್ಲ. ಕುರ್ಚಿಯಲ್ಲಿದ್ದ ಕಾಲೇಜಿನವರಲ್ಲಿ ಒಬ್ಬರೂ ಎದ್ದು ಬಂದು ಟೋರಿಯ ಹೆಸರು ಕೇಳಲಿಲ್ಲ. ವಿಶ್ವವಿದ್ಯಾಲಯದ ಫೋನು ಮತ್ತೆ ಬರಲೇ ಇಲ್ಲ. ಹಾರ್ಗೆಟ್ಟನ ಕಸುಬು ನಿಲ್ಲಲಿಲ್ಲ. ಶನಿವಾರ ತಪ್ಪಿಸಿದ್ದಕ್ಕೆ ವರ್ನೀಸಳನ್ನೂ ಶವಾಂಡಾಳನ್ನೂ ಮೀನಿನ ತಲೆ ಕಡಿಯುವ ಗರಗಸದ ಹತ್ತಿರಕ್ಕೆ ಹಾಕಿದರು. ಮರುವರ್ಷ ಟೋರಿ ಹೈಸ್ಕೂಲು ಮುಗಿಸಿ ಪಕ್ಕದ ಕೌಂಟಿಯ ಎರಡು ವರ್ಷದ ಕಾಲೇಜಿಗೆ ತನ್ನ ಪಾಡಿಗೆ ತಾನು ಸೇರಿದಳು. ಅಲ್ಲಿ ತಂಡವಿಲ್ಲ. ವಾರದ ಕೊನೆಗೆ ಫ್ಯಾಕ್ಟರಿಗೆ ಬಂದು ಅಮ್ಮನ ಎದುರು ಮೀನು ತೊಳೆಯುತ್ತಾಳೆ. ಅವಳನ್ನು ಬಾ ಎಂದು ಯಾರೂ ಕರೆದಿರಲಿಲ್ಲ, ಅವಳು ಬರಬಾರದೆಂದೇ ಅಲ್ಲವೇ ವರ್ನೀಸ್ ಬೇಡಿಕೊಂಡದ್ದು. ಆ ಹುಡುಗಿಯ ಕೈಗೂ ಮುಳ್ಳು ಚುಚ್ಚತೊಡಗಿದೆ.

ಡೆಸ್ಸಾಗೆ ಹೈಸ್ಕೂಲು ಮುಗಿಯಲು ಇನ್ನೊಂದು ವರ್ಷ ಬಾಕಿ ಇತ್ತು. ಆ ಚಳಿಗಾಲ ಹಾರ್ಗೆಟ್ ಮತ್ತೆ ಹಾಲಿಸ್ ಬೆಂಡಿಗೆ ಬಂದ. ಹೊಸದೊಂದು ಹುಡುಗಿ ಬಂದಿದೆ ಎಂದು ಯಾರೋ ಹೇಳಿದ್ದರಂತೆ. ಆಟ ನಡೆಯುತ್ತಿತ್ತು. ಅವನು ಬಾಗಿಲು ತಳ್ಳಿ ಒಳಗೆ ಬಂದು ಕೆಳಗಿನ ಸಾಲಿನಲ್ಲಿ ಕೂತು ಕಾಲು ಚಾಚಿದ.

ಚೆಂಡು ಡೆಸ್ಸಾಳ ಕೈಯಲ್ಲಿತ್ತು. ಅವಳು ಅವನನ್ನು ನೋಡಿದಳು. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತುಬಿಟ್ಟಳು. ರೆಫರಿ ಸೀಟಿ ಊದಿದ. ಕ್ಯಾಂಪಿನಲ್ಲಿ ಅವನ ಮುಂದೆ ಸಾಲಾಗಿ ನಿಂತಿದ್ದ ಎದುರು ತಂಡದ ಹುಡುಗಿಯರೂ ತಿರುಗಿ ನೋಡಿದರು, ಕೈ ಇಳಿಬಿಟ್ಟರು. ಮಿಸ್ ಡಿಲ್ವರ್ತ್ ಬೆಂಚಿನಲ್ಲಿ ಕೂತೇ ಇದ್ದರು, ಏಳಲಿಲ್ಲ.

"ಆಡ್ರೇ! ಏನಾಗಿದೆ ನಿಮ್ಗೆ?" ಎಂದ ಹಾರ್ಗೆಟ್.

ಮೇಲಿನ ಸಾಲುಗಳಲ್ಲಿ ಫ್ಯಾಕ್ಟರಿಯಿಂದ ನೇರ ಬಂದ ಹೆಂಗಸರು ರಬ್ಬರ್ ಬೂಟಿನಲ್ಲೇ ಕೂತಿದ್ದರು. ವರ್ನೀಸ್, ಶವಾಂಡಾ, ಟೋರಿ, ಇನ್ನೂ ಎಷ್ಟೋ ಮಂದಿ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕೂದಲು, ಕತ್ತು, ಹೊಟ್ಟೆ, ಕಾಲು ಎಂದು ಮೇಲಿನಿಂದ ಕೆಳಕ್ಕೆ, ನಿಧಾನವಾಗಿ ನೋಡುತ್ತಿದ್ದರು. ಚಾಚಿದ ಕಾಲನ್ನು ಅವನು ಎಳೆದುಕೊಂಡ. ಅಂಗಿಯ ಕಾಲರು ಸರಿಮಾಡಿಕೊಂಡ. ರೆಫರಿ ಮತ್ತೆ ಸೀಟಿ ಊದಿದ.

ಚೆಂಡು ಕದಲಲಿಲ್ಲ.