ಸಾಧು ಸ್ವಭಾವ, ಬಾಲವಿಲ್ಲ

ರೇವಮ್ಮನಿಗೆ ಬಾಲ್ಯವೆಂದರೆ ಕುದುರೆಯ ವಾಸನೆ. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಲಾಯ ಗುಡಿಸುತ್ತಿದ್ದ ಅಪ್ಪ ಬೆಟ್ಟಯ್ಯ ಸಂಜೆ ಮನೆಗೆ ಬಂದನೆಂದರೆ, ಒಣಹುಲ್ಲು, ಬೆವರು, ಗಂಜಲ ಮೂರೂ ಬೆರೆತ ಬೆಚ್ಚನೆಯ ಘಾಟು ಅವನಿಗಿಂತ ಮೊದಲು ಹೊಸಿಲು ದಾಟುತ್ತಿತ್ತು. ಅವ್ವ ಸೆರಗಲ್ಲಿ ಮೂಗು ಮುಚ್ಚಿಕೊಂಡು ಅವನನ್ನು ಬಚ್ಚಲಿಗೆ ಅಟ್ಟುತ್ತಿದ್ದಳು. ಮಗಳು ಮಾತ್ರ ಅಪ್ಪನ ಪಂಚೆಗೆ ಮುಖ ಒತ್ತಿ ನಿಂತುಬಿಡುತ್ತಿದ್ದಳು.

ಮೂವತ್ತು ವರ್ಷವಾದ ಮೇಲೆ, ೧೯೮೩ರ ಆಷಾಢದಲ್ಲಿ, ತುಮಕೂರಿನ ವಿಮಾ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯೊಂದನ್ನು ಹಲ್ಲಲ್ಲಿ ಕಚ್ಚಿದಾಗ ಅದೇ ಘಾಟು ಮೂಗಿಗೆ ಬಡಿಯಿತು.

“ಡಾಕ್ಟ್ರಮ್ಮಾ, ಇದು ಕುದುರೆ ವಾಸ್ನೆ!”

ಡಾಕ್ಟರ್ ಶಿವರುದ್ರಮ್ಮ ನಕ್ಕರು. “ಭಲೇ ಮೂಗು ಕಣಮ್ಮ ನಿಂದು. ಗಬ್ಬದ ಕುದುರೆ ಗಂಜಲದಿಂದ್ಲೇ ತೆಗೆಯೋದು ಇದನ್ನ. ಕಚ್ಚಬೇಡ, ನುಂಗು.”

ನುಂಗಲೇಬೇಕಿತ್ತು. ಗಡ್ಡೆಯಾಗಿದೆಯೆಂದು ಬೆಂಗಳೂರಿನಲ್ಲಿ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಿದ್ದರು. ರೇವಮ್ಮನಿಗಿನ್ನೂ ನಲವತ್ತು. ಮೈ ತಾನೇ ಮಾಡಿಕೊಳ್ಳುತ್ತಿದ್ದ ಹಾರ್ಮೋನು ಒಂದೇ ದಿನಕ್ಕೆ ನಿಂತುಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ ಎದೆಯಿಂದ ಬೆಂಕಿ ಎದ್ದು ನೆತ್ತಿಗೆ ಏರುತ್ತಿತ್ತು. ಅದಾದ ಮೇಲೆ ಬೆರಳು ನಡುಗುತ್ತಿದ್ದವು. ಅವಳ ಕೆಲಸವೋ ಕ್ಯಾತ್ಸಂದ್ರದ ಹತ್ತಿರದ ನೂಲಿನ ಮಿಲ್ಲಿನಲ್ಲಿ, ಓಡುವ ಯಂತ್ರದ ಮುಂದೆ ನಿಂತು ಕಡಿದ ಎಳೆಗಳಿಗೆ ಗಂಟು ಹಾಕುವುದು. ನಡುಗುವ ಬೆರಳಿಗೆ ಎಳೆ ಸಿಗುತ್ತದೆಯೇ? “ದೀಪಾವಳಿವರ್ಗೂ ನೋಡ್ತೀನಿ. ಆಮೇಲೂ ಹಿಂಗೇ ಆದ್ರೆ ಮನೇಲಿ ಇರ್ಬೇಕಾಗುತ್ತೆ” ಎಂದಿದ್ದ ಮೇಸ್ತ್ರಿ. ಗಂಡ ತೀರಿಹೋದ ಮೇಲೆ ಆ ಯಂತ್ರವೊಂದೇ ಅವಳ ಆಸರೆ.

ಮಾತ್ರೆ ನುಂಗಿದ ಎರಡೇ ವಾರಕ್ಕೆ ಬೆಂಕಿ ಆರಿತು, ಬೆರಳ ನಡುಕ ನಿಂತಿತು. ಅಷ್ಟರಲ್ಲಿ ಮಾತ್ರೆಯೂ ನಿಂತಿತು.

ಇಂಥ ದುಬಾರಿ ಔಷಧಿಯನ್ನು ಎರಡು ವಾರ ದಾಟಿ ಕೊಡಬೇಕೆಂದರೆ ವಿಮಾ ಕಚೇರಿಯ ಒಪ್ಪಿಗೆ ಬೇಕು. ಅಲ್ಲಿದ್ದವರು ಗುಮಾಸ್ತ ಮಹಾಲಿಂಗಯ್ಯ. ಲಂಚ ಮುಟ್ಟಿದವರಲ್ಲ, ಗದರಿದವರಲ್ಲ. ಅವರಿಗಿದ್ದದ್ದು ಒಂದೇ ಚಟ, ಓದುವುದು. ಔಷಧಿ ಡಬ್ಬಿಯೊಳಗೆ ಮಡಿಸಿಟ್ಟಿರುವ ಚೀಟಿಯನ್ನು ಜಗತ್ತಿನಲ್ಲಿ ಯಾರೂ ಓದುವುದಿಲ್ಲ. ಮಹಾಲಿಂಗಯ್ಯ ನಿಘಂಟು ಇಟ್ಟುಕೊಂಡು ಮೂರು ದಿನ ಓದಿದರು.

“ನೋಡಮ್ಮ, ಇದು ಕುದುರೆಗೆ ಸಂಬಂಧಪಟ್ಟದ್ದು,” ಎಂದರು ಮೆಲ್ಲಗೆ. “ವಿಮೆ ಇರೋದು ಕಾರ್ಮಿಕರಿಗೆ, ಅವ್ರ ಗಂಡ-ಹೆಂಡ್ತೀಗೆ, ಮಕ್ಕಳಿಗೆ, ಅಪ್ಪ-ಅಮ್ಮಂಗೆ. ಪಟ್ಟಿ ಪೂರ್ತಿ ನೋಡ್ದೆ. ಕುದುರೆ ಇಲ್ಲ.”

“ಸ್ವಾಮಿ, ಕುದುರೆಯಿಂದ ಬಂದಿರೋದು. ನುಂಗೋಳು ನಾನು.”

“ನಂಗೆ ಗೊತ್ತಮ್ಮ. ಫೈಲಿಗೆ ಗೊತ್ತಾಗ್ಬೇಕಲ್ಲ? ಒಬ್ರು ಪಶುವೈದ್ಯರ ಹತ್ರ ಒಂದು ಸರ್ಟಿಫಿಕೇಟ್ ತಗೊಂಬಾ, ನೀನು ಕುದುರೆ ಅಲ್ಲ ಅಂತ.” ಹೇಳಿ, ಅವಳ ಹಣೆಯ ಬೆವರು ಕಂಡು, ತಮ್ಮ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವಳತ್ತ ಸರಿಸಿದರು.

ತುಮಕೂರಿನಲ್ಲಿ ವಿಚಾರಿಸಿದರೆ ಪಶುವೈದ್ಯರು ರಜೆಯಲ್ಲಿದ್ದರು. ರೇವಮ್ಮ ಗುಬ್ಬಿಯ ಬಸ್ಸು ಹತ್ತಿದಳು. ಅಲ್ಲಿನ ದನದ ಆಸ್ಪತ್ರೆಯಲ್ಲಿ ಒಂದು ಕುಂಟು ಹೋರಿ, ಎರಡು ಆಡುಗಳ ಹಿಂದೆ ಸಾಲಿನಲ್ಲಿ ನಿಂತಳು. ಡಾಕ್ಟರ್ ಗಂಗಹನುಮಯ್ಯ ತಲೆಯೆತ್ತಿ, “ಎಲ್ಲಮ್ಮ, ಹಸು?” ಎಂದರು.

“ಹಸು ಇಲ್ಲ ಸ್ವಾಮಿ. ನಾನೇ ಬಂದಿದೀನಿ.”

ಕಥೆಯೆಲ್ಲ ಕೇಳಿ ಅವರು ನಗಲಿಲ್ಲ. ನಗಬಾರದೆಂದು ಸ್ವಲ್ಪ ಹೊತ್ತು ಹೋರಿಯ ಕಾಲನ್ನೇ ನೋಡಿದರು. “ಅಲ್ಲ ಕಣಮ್ಮ, ನನ್ನ ಹತ್ರ ಇರೋದು ಒಂದೇ ಫಾರಂ. ಅದೂ ಜಾನುವಾರುಗಳದ್ದು. ಅದ್ರಲ್ಲೇ ಬರೀಲಾ?”

“ಬರೀರಿ ಸ್ವಾಮಿ. ಯಾವುದಾದ್ರೇನು, ಸೀಲು ಬಿದ್ರೆ ಆಯ್ತು.”

ಅವರು ಪ್ರಾಮಾಣಿಕ ಮನುಷ್ಯ. ಯಾವ ಕಾಲಮನ್ನೂ ಖಾಲಿ ಬಿಡಲಿಲ್ಲ. ಬಣ್ಣ: ಎಣ್ಣೆಗೆಂಪು. ಎತ್ತರ: ಐದಡಿ. ಕೊಂಬು: ಇಲ್ಲ. ಬಾಲ: ಇಲ್ಲ. ಸುಳಿ ಎಂಬಲ್ಲಿ ತಡೆದು, “ನೆತ್ತಿ ಮೇಲೆ ಎಷ್ಟು ಸುಳಿ?” ಎಂದು ಕೇಳಿದರು. “ಎರಡು ಅಂತ ನಮ್ಮವ್ವ ಅಂತಿದ್ಲು.” ಎರಡು ಎಂದು ಬರೆದರು. ಅಷ್ಟರಲ್ಲಿ ಅವಳ ಮೈಗೆ ಬೆಂಕಿ ಏರಿ ಮುಖವೆಲ್ಲ ಕೆಂಪಾಯಿತು. ಡಾಕ್ಟರು ಎದ್ದು, ತಮ್ಮ ಮೇಜಿನ ಫ್ಯಾನನ್ನು ಅವಳ ಕಡೆ ತಿರುಗಿಸಿ, ಮತ್ತೆ ಕುಳಿತು, ಸ್ವಭಾವ: ಸಾಧು ಎಂದು ಬರೆದರು. ಕೊನೆಗೆ ಶರಾ ಎಂಬಲ್ಲಿ, ‘ಸದರಿಯವರು ಕುದುರೆಯಲ್ಲ’ ಎಂದು ತುಂಬಿ ಸೀಲು ಒತ್ತಿದರು.

ಫೈಲು ಬೆಂಗಳೂರಿನ ದೊಡ್ಡ ಕಚೇರಿಗೆ ಹೋಯಿತು. ಮಿಲ್ಲಿನಲ್ಲಿ ರೇವಮ್ಮನ ಎಳೆಗಳು ಕಡಿಯುತ್ತಲೇ ಇದ್ದವು. ಪಕ್ಕದ ಯಂತ್ರದ ವನಜಮ್ಮ ಮೇಸ್ತ್ರಿ ಅತ್ತ ತಿರುಗಿದಾಗಲೆಲ್ಲ ಕೈಚಾಚಿ ಇವಳ ಎಳೆಗೂ ಗಂಟು ಹಾಕುತ್ತಿದ್ದಳು. “ಏನಕ್ಕ, ನಿನ್ನ ಕುದುರೆ ಬೆಂಗಳೂರಿಂದ ಇನ್ನೂ ನಡ್ಕೊಂಡೇ ಬರ್ತಾ ಅದಾ?” ಎಂದು ಛೇಡಿಸುವುದನ್ನೂ ಬಿಡುತ್ತಿರಲಿಲ್ಲ.

ನವರಾತ್ರಿಯ ಹೊತ್ತಿಗೆ ಆದೇಶ ಬಂತು. ಮಹಾಲಿಂಗಯ್ಯ ಕನ್ನಡಕ ಒರೆಸಿಕೊಂಡು ಓದಿದರು. ‘ಪ್ರಾಣಿಯ ವಿವರ ಪರಿಶೀಲಿಸಲಾಗಿದೆ. ಸದರಿ ಕುದುರೆಯು ಸಾಧು ಸ್ವಭಾವದ್ದಾಗಿದ್ದು, ಕೊಂಬು ಮತ್ತು ಬಾಲ ಇಲ್ಲದಿರುವುದರಿಂದ ಇತರೆ ವಿಮಾದಾರರಿಗೆ ಅಪಾಯವಿರುವುದಿಲ್ಲ. ವಿಶೇಷ ಪ್ರಕರಣವೆಂದು ಪರಿಗಣಿಸಿ ಮಾತ್ರೆ ಮಂಜೂರು ಮಾಡಿದೆ. ಪ್ರತಿ ತಿಂಗಳೂ ಕುದುರೆಯನ್ನು ಖುದ್ದು ಹಾಜರುಪಡಿಸತಕ್ಕದ್ದು.’

ಆ ದೊಡ್ಡ ಕಚೇರಿಯಲ್ಲಿ ಶರಾ ಓದುವ ಪದ್ಧತಿ ಇರಲಿಲ್ಲ.

“ಕುದುರೆ ಅಲ್ಲ ಅಂತ ಬರೆಸ್ಕೊಂಡು ಬಂದ್ರೆ ಕುದುರೆ ಅಂತಾನೇ ಬರೆದವ್ರಲ್ಲ ಸ್ವಾಮಿ!”

ಮಹಾಲಿಂಗಯ್ಯ ಆದೇಶವನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ತಪ್ಪು ಕಂಡೂ ತಿದ್ದದೆ ಬಿಡುವುದು ಅವರ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆಗಿರಲಿಲ್ಲ. “ತಿದ್ದೋಕೆ ಕಳಿಸಿದ್ರೆ, ಫೈಲು ವಾಪಸ್ ಬರೋ ಹೊತ್ಗೆ ದೀಪಾವಳಿ ಕಳೆದಿರುತ್ತಮ್ಮ,” ಎಂದರು ತಗ್ಗಿದ ದನಿಯಲ್ಲಿ.

“ಹಂಗಾರೆ ಇರ್ಲಿ ಬುಡಿ. ಕುದುರೇನೇ ಆಗ್ತೀನಿ. ನಮ್ಮಪ್ಪ ಇದ್ದಿದ್ರೆ ಖುಷಿ ಪಡೋನು.”

ಅಂದಿನಿಂದ ತಿಂಗಳಿಗೊಮ್ಮೆ ರೇವಮ್ಮ ಹೋಗಿ ಮೇಜಿನ ಮುಂದೆ ನಿಲ್ಲುವಳು. ಮಹಾಲಿಂಗಯ್ಯ ತಲೆ ಎತ್ತದೆ, ‘ಕುದುರೆ ಹಾಜರಿದೆ’ ಎಂದು ಬರೆಯುವರು. ಬರೆಯುವಾಗ ಅವರ ಕಿವಿ ಕೆಂಪಾಗುತ್ತಿತ್ತು. ದೀಪಾವಳಿಗೆ ಮೇಸ್ತ್ರಿ ಬಂದು ನೋಡಿದಾಗ ರೇವಮ್ಮನ ಯಂತ್ರದಲ್ಲಿ ಒಂದೂ ಕಡಿದ ಎಳೆ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನಿಂದ ಇನ್ಸ್‌ಪೆಕ್ಟರ್ ಬಂದರು. ಅಡವಿಯಪ್ಪ ಎಂದು ಹೆಸರು. ದೊಡ್ಡ ಮೀಸೆ, ಕೈಯಲ್ಲೊಂದು ರೆಕ್ಸಿನ್ ಚೀಲ. ಕುದುರೆಯನ್ನು ಕಣ್ಣಾರೆ ನೋಡಿ ವರದಿ ಬರೆಯಬೇಕಿತ್ತು. ಮಿಲ್ಲಿಗೆ ಕರೆ ಹೋಯಿತು. ಪಾಳಿ ಮುಗಿಸಿದವಳೇ, ಊಟವನ್ನೂ ಬಿಟ್ಟು, ತಲೆಯಲ್ಲಿ ಹತ್ತಿಯ ಧೂಳು ಹೊತ್ತುಕೊಂಡೇ ರೇವಮ್ಮ ಓಡಿಬಂದಳು. ಮಹಾಲಿಂಗಯ್ಯನವರ ಮುಖ ಸುಣ್ಣ ಬಳಿದ ಹಾಗಿತ್ತು.

“ಎಲ್ರೀ ಕುದುರೆ? ಹೊರಗೆ ಕಟ್ಟಿದೀರಾ?” ಎಂದರು ಅಡವಿಯಪ್ಪ.

ಮಹಾಲಿಂಗಯ್ಯ ಎದ್ದು ನಿಂತರು. ಸುಳ್ಳು ಬರೆದದ್ದು ತಾವು; ಕೆಲಸ ಹೋಗುವುದು ತಮ್ಮದು, ಮಾತ್ರೆ ನಿಲ್ಲುವುದು ಈ ಹೆಂಗಸಿನದು.

ರೇವಮ್ಮ ಒಂದು ಹೆಜ್ಜೆ ಮುಂದೆ ಬಂದಳು. “ನಾನೇ ಸ್ವಾಮಿ. ಇವ್ರದ್ದೇನೂ ತಪ್ಪಿಲ್ಲ. ಪ್ರತಿ ತಿಂಗ್ಳೂ ನಾನೇ ಬಂದು ನಿಂತಿದೀನಿ. ಮಾತ್ರೆ ನಿಂತ್ರೆ ಕೈ ನಡುಗ್ತದೆ, ಕೈ ನಡುಗಿದ್ರೆ ಕೆಲ್ಸ ಹೋಗ್ತದೆ. ಅಷ್ಟೇಯ.”

ಅಡವಿಯಪ್ಪ ಅವಳನ್ನು ನೋಡಿದರು. ಫೈಲನ್ನು ನೋಡಿದರು. ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದರು. ಎಣ್ಣೆಗೆಂಪು, ಹೌದು. ಐದಡಿ, ಇರಬಹುದು. ಕೊಂಬು, ಬಾಲ... ಬೆರಳು ಶರಾ ಕಾಲಮಿಗೆ ಬಂದು ನಿಂತಿತು. ಅದನ್ನು ಎರಡು ಸಲ ಓದಿದರು. ಗಡಿಯಾರ ಟಿಕ್‌ಟಿಕ್ ಅನ್ನುತ್ತಿತ್ತು.

“ನೆತ್ತಿ ಮೇಲೆ ಎರಡು ಸುಳಿ ಅಂತ ಬರೆದಿದೆ?”

ರೇವಮ್ಮ ತಲೆ ಬಗ್ಗಿಸಿದಳು. ಅವರು ಮುಟ್ಟದೆ, ದೂರದಿಂದಲೇ ಬಗ್ಗಿ ನೋಡಿದರು.

“ಸರಿಯಾಗಿದೆ,” ಎಂದು ಪೆನ್ನು ತೆಗೆದರು. ‘ಖುದ್ದು ನೋಡಲಾಗಿದೆ. ವಿವರ ತಾಳೆಯಾಗುತ್ತದೆ. ದುಡಿಮೆಗೆ ಯೋಗ್ಯ. ಮಾತ್ರೆ ಮುಂದುವರಿಸುವುದು.’ ಮಹಾಲಿಂಗಯ್ಯ ಕುರ್ಚಿಯ ಬೆನ್ನು ಹಿಡಿದು ಕುಳಿತರು.

ಆದರೆ ಅಡವಿಯಪ್ಪನವರ ಪೆನ್ನು ಮತ್ತೆ ತಡೆಯಿತು. ಅವರ ತಪಾಸಣೆಯ ಹಾಳೆಯಲ್ಲಿ ಕೊನೆಯ ಪ್ರಶ್ನೆಯೊಂದು ಉಳಿದಿತ್ತು: ಸಮಕ್ಷಮದಲ್ಲಿ ಮೇವು ನೀಡಿ ಪರೀಕ್ಷಿಸಲಾಗಿದೆಯೇ?

“ಊಟ ಆಯ್ತೇನಮ್ಮ?” ಎಂದರು.

“ಇಲ್ಲ ಸ್ವಾಮಿ. ಹಂಗೇ ಬಂದೆ.”

ಆಗದ್ದನ್ನು ಆಗಿದೆ ಎಂದು ಬರೆಯುವ ಮನುಷ್ಯ ಅವರಲ್ಲ. ರೆಕ್ಸಿನ್ ಚೀಲಕ್ಕೆ ಕೈಹಾಕಿ, ಮನೆಯಿಂದ ಕಟ್ಟಿಸಿಕೊಂಡು ಬಂದಿದ್ದ ಬಾಳೆಲೆಯ ಪೊಟ್ಟಣ ತೆಗೆದು, ದಾರ ಬಿಚ್ಚಿ, ಚಿತ್ರಾನ್ನವನ್ನು ಅವಳ ಮುಂದಿಟ್ಟರು.