ಪೆಟ್ಟಿಗೆಯ ಕೆಳಸಾಲು

ಬಾವಿಯಡಿಯ ಮಾಟಗಾತಿಯ ಎದುರು ನಿಲ್ಲುವ ಮೊದಲು ಚೀಲ ನೋಡಿಕೊಳ್ಳಬೇಕು. ಎದುರು ನಿಂತ ಮೇಲೆ ಹುಡುಕಾಡುತ್ತ ಕೂತರೆ ಅವಳು ಕಾಯುವವಳಲ್ಲ. ಟಿವಿಯಲ್ಲಿ ಆಡುವ ಈ ಆಟ ನನಗೆ ಕಲಿಸಿದ ಮೊದಲ ಪಾಠ ಅದು. ಹಾಗಾಗಿ ಆ ಸಂಜೆಯೂ ನೋಡಿಕೊಂಡೆ. ಗಾಯಕ್ಕೆ ಹಾಕುವ ಕೆಂಪು ಮದ್ದು ಇತ್ತು. ಬಿದ್ದವರನ್ನು ಎಬ್ಬಿಸುವ ನೀಲಿ ಮದ್ದು ಇರಲಿಲ್ಲ. ಅದನ್ನೆಲ್ಲ ನಾನು ಆಟದೊಳಗಿನ ತಂಗುಮನೆಯ ಪೆಟ್ಟಿಗೆಯ ಕೆಳಸಾಲಿನಲ್ಲಿ ಕೂಡಿಟ್ಟಿದ್ದೆ. ಆ ಪೆಟ್ಟಿಗೆ ನಮ್ಮ ತಂಡದ್ದು, ಯಾರು ಬೇಕಾದರೂ ಇಡಬಹುದು, ತೆಗೆಯಬಹುದು. ಹೋಗಿ ತೆರೆದರೆ ಕೆಳಸಾಲು ಬಟ್ಟಬರಿದು.

"ನೀಲಿ ಸೀಸೆ ಯಾರಾದ್ರೂ ತಗೊಂಡ್ರಾ?" ಎಂದೆ.

"ನಾನ್ಯಾಕೆ ಮುಟ್ಲಿ ಅತ್ತೆ? ಗುರಾಣಿ ಹಿಡಿದೋನಿಗೆ ಮದ್ದು ಕುಡಿಯೋಕೆ ಪುರುಸೊತ್ತೆಲ್ಲಿದೆ?" ಎಂದ ಅಳಿಯ.

ಉದ್ದಣ್ಣ ಪರದೆಯಿಂದ ಕಣ್ಣು ತೆಗೆಯದೆ, "ನಾನಂತೂ ನೋಡಿಲ್ಲ ಅಜ್ಜಿ," ಎಂದ.

ಇದ್ದುದರಲ್ಲೇ ಬಾವಿಗೆ ಇಳಿದೆವು. ಮಾಟಗಾತಿ ಮೊದಲ ಏಟಿಗೇ ಅಳಿಯನನ್ನು ಕೆಡವಿದಳು. ಎಬ್ಬಿಸಲು ಮದ್ದಿಲ್ಲ. ಮುಂದೆ ಗುರಾಣಿಯಿಲ್ಲದ ಮೇಲೆ ವೈದ್ಯೆಯಾದ ನನಗೂ ಬಿಲ್ಲುಗಾರನಾದ ಉದ್ದಣ್ಣನಿಗೂ ಉಳಿಗಾಲವಿಲ್ಲ. ಅಳಿಯ ಕಂಟ್ರೋಲರನ್ನು ಮಂಚದ ಮೇಲೆ ಎಸೆದು, ಉದ್ದಣ್ಣನ ಬೆನ್ನನ್ನು ಒಂದು ಗಳಿಗೆ ನೋಡಿದ. ನನಗೆ ಆ ನೋಟ ಹಿಡಿಸಲಿಲ್ಲ. ಆದರೆ ನನ್ನ ಕಣ್ಣೂ ಅಲ್ಲೇ ಹೋಗಿತ್ತು.

ನಾವು ಆಡುವುದು ನಮ್ಮ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ. ಸಂಜೆ ಒಗೆಯುವ ಯಂತ್ರಗಳು ನಿಂತ ಮೇಲೆ, ತೂಗುಹಾಕಿದ ಕೋಟುಗಳನ್ನು ಆ ಕಡೆ ಈ ಕಡೆ ಸರಿಸಿ, ಹಳೆಯ ಟಿವಿಯ ಮುಂದೆ ಕೂರುತ್ತೇವೆ. ನನ್ನ ಮೊಣಕಾಲಿನ ಆಪರೇಷನ್ ಆದಾಗ ಕೂತಲ್ಲೇ ಕೂರಲಿ ಎಂದು ಅಳಿಯ ಈ ಗೇಮ್ ತಂದುಕೊಟ್ಟಿದ್ದ. ಅವನು ಅಳಿಯನಾಗುವ ಮೊದಲೇ ನಮ್ಮಲ್ಲಿ ಕೆಲಸಕ್ಕಿದ್ದವನು, ಆದ್ದರಿಂದ ನಮ್ಮಿಬ್ಬರ ನಡುವೆ ಸಲಿಗೆ ಜಾಸ್ತಿ. ಪರದೆಯ ಮೇಲಿನ ಅಕ್ಷರ ಓದುವುದು ನನಗೆ ನಿಧಾನ. ಒಮ್ಮೆ ಓದಿದ್ದು ಮಾತ್ರ ತಲೆಯಿಂದ ಹೋಗುವುದಿಲ್ಲ. ಯಾವ ಗುಹೆಯಲ್ಲಿ ಯಾವ ಕಲ್ಲು ತುಳಿದರೆ ಬಾಣ ಹಾರುತ್ತದೆ ಎಂಬುದನ್ನು ಅವರು ನನ್ನನ್ನೇ ಕೇಳುತ್ತಾರೆ.

ಉದ್ದಣ್ಣ ನಮ್ಮ ಹೊಸ ಇಸ್ತ್ರಿಯವನು. ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ, ಅದಕ್ಕೇ ಆ ಹೆಸರು. ನನ್ನ ಮಗಳ ಗೆಳತಿಯ ತಮ್ಮ, ಮಗಳೇ ಕರೆತಂದವಳು. ಹೋಟೆಲುಗಳ ಹಾಸಿಗೆ ಬಟ್ಟೆ ಬೆಳಕು ಹರಿಯುವ ಮೊದಲೇ ಬಂದು ಬೀಳುತ್ತದೆ, ಅಳಿಯನಿಗೆ ಸೊಂಟನೋವು, ಬಾಗಿ ಷಟರ್ ಎತ್ತುವುದೇ ಕಷ್ಟ. ಆದ್ದರಿಂದ ತಿಂಗಳ ಕೊನೆಗೆ ಅಂಗಡಿಯ ಇನ್ನೊಂದು ಕೀಲಿಯನ್ನು ಉದ್ದಣ್ಣನಿಗೆ ಕೊಟ್ಟು, ಕೆಲಸ ಕಾಯಂ ಮಾಡುವುದೆಂದು ಮಾತಾಗಿತ್ತು. ಅದರೊಂದಿಗೆ ಮಹಡಿಯ ಮೇಲಿನ ಕೋಣೆಯೂ ಅವನದು. ಅವನ ಹೆಂಡತಿ, ಕೈಗೂಸು ತವರಲ್ಲಿದ್ದರು; ಅವನು ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಕಾಲು ಮಡಚಿಕೊಂಡು ಮಲಗುತ್ತಿದ್ದ. ಆ ಕೋಣೆ ಸಿಕ್ಕರೆ ಸಂಸಾರ ಒಂದೆಡೆ ಸೇರುತ್ತದೆ. ಬಿಡುವಾದಾಗಲೆಲ್ಲ ಮೇಲೆ ಹೋಗಿ ಕಿಟಕಿಯ ಅಳತೆ ತೆಗೆದು ಬರುತ್ತಿದ್ದ.

ಮರುದಿನ ಉದ್ದಣ್ಣ ಹೋದ ಮೇಲೆ ಅಳಿಯ ನನ್ನ ಹೊಲಿಗೆಯಂತ್ರದ ಪಕ್ಕ ಸ್ಟೂಲು ಎಳೆದುಕೊಂಡು ಕೂತ.

"ಅತ್ತೆ, ಇವನು ಬರೋ ಮೊದಲು ಆ ಪೆಟ್ಟಿಗೇಲಿ ಏನಾದ್ರೂ ಕಾಣೆಯಾಗಿತ್ತಾ?"

"ಇವನು ಬರೋ ಮೊದಲು ಪೆಟ್ಟಿಗೇಲಿ ಇಡೋಕೇ ಏನೂ ಇರ್ಲಿಲ್ಲ."

"ಮಾತು ಹಾರಿಸ್ಬೇಡಿ. ಆಟದಲ್ಲಿ ಬಿದ್ದವರ ಮದ್ದು ಎತ್ಕೊಂಡು ಹೋಗೋನು ನಾಳೆ ಗಲ್ಲಾಪೆಟ್ಟಿಗೆ ಬಿಡ್ತಾನಾ? ಇಂಥವನ ಕೈಗೆ ಕೀಲಿ ಕೊಡೋದಾ?"

"ನಿನ್ನ ಹೆಂಡತೀನ ಒಂದು ಮಾತು ಕೇಳೋಣ."

"ಅಯ್ಯೋ, ಅವಳ ಕಿವಿಗೆ ಹಾಕ್ಬೇಡಿ! ಕರ್ಕೊಂಡು ಬಂದವಳು ಅವಳು. ರಂಪ ಮಾಡಿ ನನ್ನೇ ಕಳ್ಳ ಮಾಡ್ತಾಳೆ. ನಾವಿಬ್ರೇ ಕಣ್ಣಿಟ್ಟಿರೋಣ."

ಮಗಳನ್ನು ಈ ವಿಷಯದಲ್ಲಿ ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಂಡದಲ್ಲಿ ಅವಳ ಹೆಸರೂ ಇದೆ, ಆದರೆ ಸಂಜೆ ನಮ್ಮೊಂದಿಗೆ ಕೂರುವವಳಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಸ್ವಲ್ಪ ಹೊತ್ತು ಆಟದ ಊರೊಳಗೆ ಅಲೆದು, ಸಿಕ್ಕವರನ್ನೆಲ್ಲ ಮಾತಾಡಿಸಿ ಬರುತ್ತಾಳೆ, ಅಷ್ಟೇ. ಕತ್ತಿ ಎತ್ತಿದ್ದನ್ನು ನಾನು ಕಂಡಿಲ್ಲ.

ತಲೆಯಲ್ಲಿ ಹುಳ ಹೊಕ್ಕ ಮೇಲೆ ಕಂಡದ್ದೆಲ್ಲ ಬೇರೆಯಾಗಿಯೇ ಕಾಣತೊಡಗಿತು. ತೋಳಗಳ ಗುಂಪನ್ನು ಮುಗಿಸಿ ನಾವು ಮುಂದೆ ಹೋದರೆ ಉದ್ದಣ್ಣ ಹಿಂದೆಯೇ ಉಳಿಯುತ್ತಿದ್ದ. ಏನು ಮಾಡುತ್ತಿದ್ದಾನೆಂದು ತಿರುಗಿ ನೋಡುವಷ್ಟರಲ್ಲಿ ಓಡಿ ಬಂದು ಸೇರಿಕೊಳ್ಳುತ್ತಿದ್ದ. ಒಂದು ಸಂಜೆ ಅವನ ಹೆಗಲ ಮೇಲೆ ಹೊಸ ಬಿಲ್ಲು. ಆಟದ ಅಂಗಡಿಯಲ್ಲೇ ಎಲ್ಲಕ್ಕಿಂತ ದುಬಾರಿಯದು.

"ಭಾರಿ ಬಿಲ್ಲಪ್ಪ," ಎಂದ ಅಳಿಯ. "ಎಲ್ಲಿಂದ ಬಂತು ದುಡ್ಡು?"

"ಹಂಗೇ ಕೂಡ್ತು ಅಣ್ಣ," ಎಂದು ಉದ್ದಣ್ಣ ನಕ್ಕ.

ಅಳಿಯ ನನ್ನ ಕಾಲನ್ನು ತನ್ನ ಕಾಲಿನಿಂದ ತಿವಿದ. ಆಪರೇಷನ್ ಆದ ಕಾಲನ್ನೇ ತಿವಿದ, ಪುಣ್ಯಾತ್ಮ.

ಉದ್ದಣ್ಣ ಆಟವನ್ನು ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. "ಗುಂಪಿಗೆ ನುಗ್ಗಬೇಡಿ ಅಣ್ಣ," ಎನ್ನುತ್ತಿದ್ದ. "ದೂರದಿಂದ ಒಂದು ಕಲ್ಲು ಎಸೀರಿ. ಒಂದೇ ತೋಳ ಎದ್ದು ಬರುತ್ತೆ. ಅದನ್ನ ಮುಗಿಸಿ ಇನ್ನೊಂದು ಕಲ್ಲು. ಅಜ್ಜಿ, ಅಣ್ಣನ ಜೀವದ ಗೆರೆ ಪೂರ್ತಿ ಇಳಿಯೋ ತನಕ ಕಾಯ್ಬೇಡಿ, ನಿಮ್ಮ ಮಂತ್ರ ಅವರನ್ನ ಮುಟ್ಟೋಕೆ ಒಂದು ಉಸಿರು ಹಿಡಿಯುತ್ತೆ. ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ, ಬಾವಲಿಗಳು ಹಿಂದಿನಿಂದ ಬರೋಲ್ಲ." ಹೇಳಿದಂತೆ ಮಾಡಿದರೆ ಗೆಲ್ಲುತ್ತಿದ್ದೆವು. ಗೆದ್ದಷ್ಟೂ ಅಳಿಯನಿಗೆ ಇವನು ಎಷ್ಟು ಚಾಲಾಕಿ ಎಂಬ ಯೋಚನೆ ಹೆಚ್ಚುತ್ತಿತ್ತು.

ಇನ್ನೊಮ್ಮೆ ಅವನು ಹೇಳಿದ್ದು ನನ್ನೊಳಗೇ ಮುಳ್ಳಿನಂತೆ ಉಳಿಯಿತು. "ಮದ್ದು ಕೂಡಿಡಬೇಡಿ ಅಜ್ಜಿ. ಆಮೇಲೆ ಬೇಕಾಗುತ್ತೆ, ಆಮೇಲೆ ಬೇಕಾಗುತ್ತೆ ಅಂತ ಇಟ್ಕೊಂಡು, ಪೆಟ್ಟಿಗೆ ತುಂಬಾ ಮದ್ದಿರೋವಾಗ್ಲೇ ಸಾಯೋರು ಜಾಸ್ತಿ. ಒಂದೋ ಕುಡೀಬೇಕು, ಇಲ್ಲಾ ಮಾರ್ಬೇಕು." ಮಾರಬೇಕು ಎಂದನಲ್ಲ ಎಂದು ಇಡೀ ದಿನ ಗುಂಡಿ ಹೊಲಿಯುತ್ತ ಅದನ್ನೇ ಮೆಲುಕು ಹಾಕಿದೆ.

ಕೊನೆಗೆ ಅಳಿಯ ಎರಡು ಬಲೆ ಬೀಸಿದ. ಆಟದಲ್ಲಿ ಒಂದು ನೀಲಿ ಸೀಸೆ ಕೊಂಡು ಪೆಟ್ಟಿಗೆಯ ಕೆಳಸಾಲಿನ ಮೂಲೆಗೆ ತಳ್ಳಿದ. ಅಂಗಡಿಯಲ್ಲಿ ಒಂದು ಕಪ್ಪು ಕೋಟಿನ ಒಳಜೇಬಿಗೆ ತನ್ನ ಉಂಗುರ ಹಾಕಿ, ಇಸ್ತ್ರಿಯ ರಾಶಿಯಲ್ಲಿ ಸೇರಿಸಿದ. ಗಿರಾಕಿಗಳ ಜೇಬಿನಲ್ಲಿ ಸಿಕ್ಕಿದ್ದನ್ನು ತಗಡಿನ ತಟ್ಟೆಗೆ ಹಾಕುವುದು ನಮ್ಮಲ್ಲಿಯ ಪದ್ಧತಿ. ಸ್ವಲ್ಪ ಹೊತ್ತಿಗೆ ತಟ್ಟೆಯಲ್ಲಿ ಠಣ್ ಎಂದು ಉಂಗುರ ಬಿದ್ದ ಸದ್ದು ಕೇಳಿಸಿತು.

"ನೋಡಿದ್ಯಾ?" ಎಂದೆ.

"ನಾಟಕ ಅತ್ತೆ. ನಂಬಿಕೆ ಗಳಿಸ್ತಿದ್ದಾನೆ."

ಸಂಜೆ ಪೆಟ್ಟಿಗೆ ತೆರೆದರೆ ನೀಲಿ ಸೀಸೆ ಮಾಯ. ಅಳಿಯನ ಮುಖ ಹಬೆಯಲ್ಲಿ ನಿಂತವನಂತೆ ಕೆಂಪಾಗಿತ್ತು.

ಮಾರನೆಯ ಬೆಳಿಗ್ಗೆ ನಾನು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಆ ಮಾತು ನಡೆಯಿತು.

"ಈ ತಿಂಗಳಿಗೆ ಸಾಕಪ್ಪ. ಬೇರೆ ಕಡೆ ನೋಡ್ಕೊ," ಎಂದ ಅಳಿಯ.

ಉದ್ದಣ್ಣ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ನಿಲ್ಲಿಸಿದ. "ಬಟ್ಟೆ ಸುಟ್ನಾ ಅಣ್ಣ?"

"ಇಲ್ಲ."

"ತಡವಾಗಿ ಬಂದ್ನಾ?"

"ಅದೇನೂ ಇಲ್ಲ. ಹೊಂದಿಕೆ ಆಗ್ತಿಲ್ಲ."

"ಮೇಲಿನ ಕೋಣೆಗೆ ಸುಣ್ಣ ತಂದಿಟ್ಟಿದ್ದೆ," ಎಂದ ಉದ್ದಣ್ಣ. ರಾಶಿಯಲ್ಲಿ ಉಳಿದಿದ್ದ ಅಂಗಿಗಳನ್ನೆಲ್ಲ ಮುಗಿಸಿಯೇ ಹೋಗುತ್ತೇನೆಂದು ಮತ್ತೆ ಇಸ್ತ್ರಿ ಎತ್ತಿಕೊಂಡ.

ಮಧ್ಯಾಹ್ನ ನನಗೆ ಕೂರಲಾಗಲಿಲ್ಲ. ಕಾಲು ಚಾಚೋಣವೆಂದು ಹಿಂದಿನ ಕೋಣೆಗೆ ಹೋದೆ. ಆ ಹೊತ್ತಿನಲ್ಲಿ ನಾನು ಅತ್ತ ಹೋಗುವವಳಲ್ಲ. ಮಗಳು ಕೋಟುಗಳ ನಡುವೆ ಕೂತು ಆಡುತ್ತಿದ್ದಳು. ಪರದೆಯ ಮೇಲೆ ತಂಗುಮನೆ, ನಮ್ಮ ಪೆಟ್ಟಿಗೆ. ಅವಳು ಅದನ್ನು ತೆರೆದು, ಕೆಳಸಾಲಿನಲ್ಲಿ ನಾನು ಹಿಂದಿನ ಸಂಜೆ ಇಟ್ಟಿದ್ದ ಬೇರು ನಾರುಗಳನ್ನೆಲ್ಲ ಬಾಚಿ ಚೀಲಕ್ಕೆ ಹಾಕಿಕೊಂಡಳು. ಸೇತುವೆಯ ಬಳಿ ಕೂತಿರುವ ಭಿಕ್ಷುಕನ ಹತ್ತಿರ ಹೋಗಿ ಎಲ್ಲವನ್ನೂ ಅವನಿಗೆ ಕೊಟ್ಟಳು.

"ಏನೇ ಅದು, ಏನು ಮಾಡ್ತಿದ್ದೀಯ?"

"ಖಾಲಿ ಮಾಡ್ತಿದ್ದೀನಿ ಅಮ್ಮ."

"ಯಾಕೆ?"

"ಕೆಳಗಿನ ಸಾಲಲ್ವಾ?"

ಅವಳಿಗೆ ಅದಕ್ಕಿಂತ ಹೆಚ್ಚು ಹೇಳುವುದಿದೆ ಎಂದು ಅನ್ನಿಸಲೇ ಇಲ್ಲ. ನಮ್ಮ ಅಂಗಡಿಯ ಕೌಂಟರಿನ ಹಿಂದೆ ಕಪಾಟಿದೆ. ಮೇಲಿನ ಹಲಗೆಗಳಲ್ಲಿ ಒಯ್ಯಬೇಕಾದ ಬಟ್ಟೆ. ಬಹಳ ಕಾಲವಾದರೂ ಯಾರೂ ಕೇಳಿಕೊಂಡು ಬರದ ಬಟ್ಟೆ ಕೆಳಗಿನ ಹಲಗೆಗೆ ಇಳಿಯುತ್ತದೆ. ಕೆಳಗೆ ಇಳಿದದ್ದನ್ನು ಇಲ್ಲದವರಿಗೆ ಕೊಡುವುದು ಮಗಳ ಕೆಲಸ. ಕೌಂಟರಿಗೆ ಕೂತ ಮೇಲೆ ಅವಳೇ ಮಾಡಿಕೊಂಡ ಏರ್ಪಾಡು. ಹಿಂದೆ ಕೂತು ಹೊಲಿಯುವ ನನಗೂ, ಯಂತ್ರ ನೋಡುವ ಅಳಿಯನಿಗೂ ಅದು ತಲೆಗೇ ಹೊಳೆದಿರಲಿಲ್ಲ. ಆಟದ ಪೆಟ್ಟಿಗೆಗೂ ಅವಳದು ಅದೇ ಲೆಕ್ಕ; ನಾವೋ ಅದರಲ್ಲಿ ಬೆಲೆಯುಳ್ಳದ್ದನ್ನು ಭದ್ರವಾಗಿರಲೆಂದು ಕೆಳಗೇ ಇಡುತ್ತಿದ್ದೆವು.

"ನೀಲಿ ಸೀಸೆಗಳೂ?"

"ಎಲ್ಲಾ. ಆ ಭಿಕ್ಷುಕ ಎಷ್ಟು ಹರಸ್ತಾನೆ ಗೊತ್ತಾ? ಯಾಕೆ, ಬೇಕಿತ್ತಾ? ಬೇಕಿದ್ರೆ ಬಾಯ್ಬಿಟ್ಟು ಹೇಳೋದಲ್ವಾ?"

ನಾನು ಹೇಳಿದೆ. ಪೂರ್ತಿ ಕೇಳುವ ಮೊದಲೇ ಅವಳು ಎದ್ದು ಇಸ್ತ್ರಿಯ ಮೇಜಿನ ಕಡೆ ಹೋದಳು. ಅಳಿಯನನ್ನು ಕರೆದ ದನಿಗೆ ಕೌಂಟರಿನಲ್ಲಿದ್ದ ಗಿರಾಕಿಯೊಬ್ಬ ಚೀಟಿ ಅಲ್ಲೇ ಬಿಟ್ಟು ಹೊರನಡೆದ.

"ಆಟದ ಸೀಸೆ ಕಾಣ್ಲಿಲ್ಲ ಅಂತ ಒಬ್ಬರ ಅನ್ನಕ್ಕೆ ಕಲ್ಲು ಹಾಕ್ತೀರಾ? ನನ್ನನ್ನ ಕೇಳೋಕೆ ಏನು ಬಾಯಿಗೆ ಬೀಗ ಬಿದ್ದಿತ್ತಾ? ಅಮ್ಮ, ನೀನೂ ಸೇರ್ಕೊಂಡ್ಯಾ?"

ಅಳಿಯ ನೆಲ ನೋಡಿದ. ಉದ್ದಣ್ಣ ಆಗ ಕೊನೆಯ ಅಂಗಿ ಮಡಚುತ್ತಿದ್ದ. ಎಲ್ಲವೂ ಅವನಿಗೆ ಕೇಳಿಸಿತ್ತು.

"ಹಾಗಾದ್ರೆ ಆ ಬಿಲ್ಲು?" ಎಂದ ಅಳಿಯ, ಇನ್ನೂ ಒಂದು ಎಳೆ ಕೈಯಲ್ಲಿ ಉಳಿದಿದೆ ಎಂಬಂತೆ.

"ತೋಳದ ಚರ್ಮ ಮಾರಿ ತಗೊಂಡೆ ಅಣ್ಣ. ನೀವೆಲ್ಲ ಕೊಂದು ಹಾಗೇ ಓಡ್ತೀರಿ. ನಾನು ನಿಂತು ಸುಲೀತಿದ್ದೆ. ಮೊದಲ ದಿನಾನೇ ಹೇಳಿದ್ದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ." ಅಂಗಿಯ ಕಾಲರನ್ನು ಬೆರಳಿನಿಂದ ಸರಿಮಾಡಿದ. "ಆ ಉಂಗುರನೂ ಅದಕ್ಕೇ ಇಟ್ಟಿದ್ದಾ? ನನಗೆ ಆಗ್ಲೇ ಅನ್ನಿಸ್ತು. ಆ ಕಪ್ಪು ಕೋಟು ನಿಮ್ಮದೇ. ಹಿಂದಿನ ವಾರ ನಾನೇ ಇಸ್ತ್ರಿ ಮಾಡಿ ಕೊಟ್ಟಿದ್ದೆ."

ಅಳಿಯ ಜೇಬಿನಿಂದ ಕೀಲಿ ತೆಗೆದು ಇಸ್ತ್ರಿಯ ಮೇಜಿನ ಮೇಲಿಟ್ಟ. "ತಪ್ಪಾಯ್ತು ಕಣೋ. ತಗೋ. ಕೋಣೆನೂ ನಿಂದೇ, ಕೆಲಸನೂ ನಿಂದೇ."

ಉದ್ದಣ್ಣ ಕೀಲಿಯನ್ನು ನೋಡಿದ, ಮುಟ್ಟಲಿಲ್ಲ.

"ಕೆಲಸ ಮಾಡ್ತೀನಿ ಅಣ್ಣ. ಕೋಣೇನೂ ಬೇಕು, ಮಗು ಬರ್ಬೇಕು. ಕೀಲಿ ಮಾತ್ರ ಬೇಡ."

"ಕೀಲಿ ಇಲ್ದೆ ಬೆಳಿಗ್ಗೆ ಬಾಗಿಲು ಯಾರು ತೆಗೀತಾರೆ?"

"ನೀವೇ. ನಾಳೆ ಒಂದು ಟವೆಲ್ ಕಾಣ್ಲಿಲ್ಲ ಅಂದ್ರೆ ಕೀಲಿ ಯಾರ ಹತ್ರ ಇತ್ತು ಅಂತ ಮೊದಲು ಕೇಳ್ತೀರಿ. ಬಾಯಲ್ಲಿ ಕೇಳದೆ ಇರಬಹುದು." ನನ್ನ ಕಡೆ ತಿರುಗಿ, "ಅಜ್ಜಿ ಕೂಡಾ," ಎಂದ.

ನಾನು ಇಲ್ಲ ಎನ್ನಲಿಲ್ಲ.

ಅವನ ಹೆಂಡತಿ ಮಗು ಬಂದರು. ಕಿಟಕಿಗೆ ಪರದೆ ಬಿತ್ತು. ಮಗು ಅತ್ತರೆ ನನ್ನ ಹೊಲಿಗೆಯಂತ್ರದ ತನಕ ಕೇಳಿಸುತ್ತದೆ. ಸಂಜೆ ಉದ್ದಣ್ಣ ನಮ್ಮೊಂದಿಗೆ ಆಡಲು ಕೂರುತ್ತಾನೆ, ಕೇಳಿದರೆ ಉಪಾಯವನ್ನೂ ಹೇಳಿಕೊಡುತ್ತಾನೆ. ಹಿಮದ ಬಾಣ ತಾಗಿದರೆ ಮಾಟಗಾತಿಯ ಕೈ ನಿಧಾನವಾಗುತ್ತದೆ, ಆಗಲೇ ನುಗ್ಗಬೇಕು ಎಂದು ಹೇಳಿ ಅವಳನ್ನು ಕೊಲ್ಲಿಸಿದ್ದೂ ಅವನೇ.

ಬೆಳಿಗ್ಗೆ ಹೋಟೆಲಿನ ಗಾಡಿ ಬರುವ ಹೊತ್ತಿಗೆ ಅವನು ಮಹಡಿ ಇಳಿದು ಬೀದಿಯಲ್ಲಿ ನಿಂತಿರುತ್ತಾನೆ. ಅಳಿಯ ಸೊಂಟ ಹಿಡಿದುಕೊಂಡು ಬರುತ್ತಾನೆ, ಬೀಗ ತೆಗೆಯುತ್ತಾನೆ, ನರಳುತ್ತ ಬಾಗಿ ಷಟರ್ ಎತ್ತುತ್ತಾನೆ. ಅದು ಪೂರ್ತಿ ಮೇಲೆ ಹೋಗುವವರೆಗೂ ಉದ್ದಣ್ಣ ಕೈ ಹಚ್ಚುವುದಿಲ್ಲ. ಆಮೇಲೆ ತಲೆ ತಗ್ಗಿಸಿ ಒಳಗೆ ಬಂದು, ಅಳಿಯನನ್ನು ಕೂರಿಸಿ, ಮೂಟೆಗಳನ್ನೆಲ್ಲ ತಾನೊಬ್ಬನೇ ಹೊರುತ್ತಾನೆ.