ಜೊತೆಗೆ ನೋಡಿದವರು

“ಯಾವ ಹಕ್ಕಿ?” ಎಂದ ಕುಮಾರ್.

ಗಂಡ ತಮಾಷೆ ಮಾಡುತ್ತಿದ್ದಾನೆಂದು ಮೇಘಶ್ರೀ ನಕ್ಕಳು. ಸಾರಿನ ಸೌಟು ಕೈಯಲ್ಲೇ ಇತ್ತು.

“ಬೆಳಿಗ್ಗೆ ಕಣಕ್ಕೆ ಇಳಿದಿತ್ತಲ್ಲ, ಅದು. ನಿಮ್ಮ ಫೋನಲ್ಲಿ ತೆಗೆದ ಫೋಟೋ ಕಳಿಸಿ ಅಂದೆ.”

“ನಾನ್ಯಾವಾಗ ತೆಗ್ದೆ ಮಾರಾಯ್ತಿ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅನ್ನ ಕಲಸುತ್ತಿದ್ದ ಬೆರಳುಗಳೂ ನಿಲ್ಲಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ, ಪಾರ್ಚ್‌ಮೆಂಟ್ ಕಾಫಿ ಒಣಗಲು ಹರವಿದ್ದ ಕಣದ ನಡುವೆ ಅದು ನಿಂತಿತ್ತು. ಮರಳಿನ ಬಣ್ಣ, ಕಡ್ಡಿಯಂಥ ಬಿಳಿಚು ಕಾಲು, ಕಣ್ಣಿನ ಹಿಂದೆ ಕಾಡಿಗೆ ಎಳೆದಂಥ ಗೆರೆ. ಒಣಗುತ್ತಿದ್ದ ಕಾಫಿ ಮೇಲಿನಿಂದ ಮರಳುಗಾಡಿನ ಹಾಗೆ ಕಂಡಿರಬೇಕು. ನಾಲ್ಕು ಹೆಜ್ಜೆ ಓಡಿ, ನಿಂತು, ಕತ್ತು ನಿಗುರಿಸಿ ನೋಡಿ ಮತ್ತೆ ಓಡಿತು. ಕಾಫಿ ಗೋರುತ್ತಿದ್ದ ಏಳು ಹೆಂಗಸರೂ ಹಲಗೆ ಹಿಡಿದು ನಿಂತುಬಿಟ್ಟರು. ಶಾಲೆಗೆ ರಜೆಯಿದ್ದ ಮಗಳು ನಿಖಿತಾ ಕೂಗಲು ಹೋಗಿ ತನ್ನ ಬಾಯಿ ತಾನೇ ಮುಚ್ಚಿಕೊಂಡಳು. ಮೇಘಶ್ರೀಯ ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಫೋಟೋ ತೆಗೆದದ್ದು ಕುಮಾರ್.

ಮೇಘಶ್ರೀಯ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಹತ್ತು ವರ್ಷಗಳ ಮೇಲೆ ಉಪಯೋಗಕ್ಕೆ ಬಂದಿತ್ತು. ಪಕ್ಷಿ ಸಮೀಕ್ಷೆಯವರಿಗೆ ಅವಳು ಬರೆದಳು. ಮಧ್ಯಾಹ್ನದೊಳಗೆ ಉತ್ತರ: ಇದು ಕಛ್, ರಾಜಸ್ಥಾನದ ಕಡೆಯ ಹಕ್ಕಿ, ಮೂಡಿಗೆರೆಯಂಥ ಊರಲ್ಲಿ ಕಂಡಿದ್ದರೆ ದೊಡ್ಡ ವಿಷಯ, ಫೋಟೋ, ಇಲ್ಲವೇ ಜೊತೆಗೆ ನೋಡಿದವರ ಹೆಸರು ಕಳಿಸಿ, ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ನಾವೂ ಬರುತ್ತೇವೆ. ಅದನ್ನು ಅವಳು ಗಂಡನಿಗೆ ಜೋರಾಗಿ ಓದಿ ಹೇಳಿದ್ದಳು. “ನಕ್ಷೆಯಲ್ಲಾ?” ಎಂದು ಕೇಳಿ ಅವನು ಹೊರಗೆ, ಕಣದ ಕಡೆ ಹೋಗಿದ್ದ.

ಈಗ ಅರ್ಥವಾಯಿತು.

“ಅರ್ಧ ಕಣ ಸರ್ಕಾರಿ ಜಾಗದ ಒತ್ತುವರಿ ಅಂತ ನೋಟಿಸ್ ಬಂದಿದೆಯಲ್ಲ, ಅದಕ್ಕಾ? ಬೇಡ ಅನ್ನಿ ಸಾಕು, ನಾನು ಏನೂ ಕಳಿಸಲ್ಲ. ನೋಡಿದೆ ಅಂತ ನನ್ನ ಹತ್ರ ಹೇಳಿ.”

“ಬಿಸಿಲಲ್ಲಿ ತುಂಬಾ ಹೊತ್ತು ನಿಂತಿದ್ದೆ ನೀನು. ಸ್ವಲ್ಪ ಮಲಕ್ಕೋ.”

ಎದ್ದು, ಮದುವೆಯಾದ ಮೇಲೆ ಮೊದಲ ಸಲ, ತನ್ನ ತಟ್ಟೆ ತಾನೇ ತೊಳೆದಿಟ್ಟ. ಅವಳಿಗೆ ಹೆದರಿಕೆಯಾದದ್ದು ಆಗ.

ಅವಳು ಕಣಕ್ಕೆ ಹೋದಳು.

“ದೇವೀರಮ್ಮ, ಬೆಳಿಗ್ಗೆ ಆ ಹಕ್ಕಿ ನೋಡಿದ್ರಲ್ಲ?”

“ಹಕ್ಕಿ ದಿನಾ ಬರ್ತಾವಲ್ಲ ಅಮ್ಮಾವ್ರೆ.”

“ಉದ್ದ ಕಾಲಿಂದು. ಹೊಸ ಚಪ್ಪಲಿ ಹಾಕ್ಕೊಂಡ ಮದುಮಗಳ ಹಂಗೆ ನಡೀತದೆ ಅಂತ ನೀವೇ ನಗಾಡಿದ್ರಿ.”

ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿದರು.

“ನಾನು ತಲೆ ಬಗ್ಗಿಸ್ಕೊಂಡು ಗೋರ್ತಿದ್ದೆ. ಇವ್ರೂ ಹಂಗೇ. ಕೇಳಿ ಬೇಕಾರೆ.”

ಅವಳು ಕೇಳಲಿಲ್ಲ. ಆರು ತಲೆಗಳು ಆಗಲೇ ಆಡಿದ್ದವು. ಒಬ್ಬಳು ತನ್ನ ಬಾಟಲಿ ಚಾಚಿದಳು. “ನೀರು ಕುಡೀರಿ ಅಮ್ಮಾವ್ರೆ, ಮುಖ ಬಾಡೇದೆ.” ಅವರ ಕಣ್ಣಲ್ಲಿ ನಿಜವಾದ ಕನಿಕರವಿತ್ತು.

ಬೆಳಿಗ್ಗೆಯಿಂದ ಕಾಫಿಯನ್ನು ನಾಲ್ಕು ಸಲ ಗೋರಿ ತಿರುವಿದ್ದರು. ಹೆಜ್ಜೆ ಹುಡುಕುವುದು ಹುಚ್ಚುತನ ಎಂದು ಗೊತ್ತಿದ್ದೂ ಅವಳು ಬಗ್ಗಿ ನೋಡಿದಳು. ಬಗ್ಗಿದ್ದನ್ನು ಎಲ್ಲರೂ ನೋಡಿದರು. ಇದನ್ನು ಯಾರೂ ಇಲ್ಲ ಎನ್ನಲಾರರು.

ಸಂಜೆ ಜಗಲಿಯ ಮೇಲೆ ಮಗಳ ತಲೆ ಬಾಚಲು ಕೂತಳು. ಆರು ವರ್ಷದ ತಲೆ. ಎಣ್ಣೆಯ, ಬಿಸಿಲಿನ ವಾಸನೆ. ಸಿಕ್ಕನ್ನು ಒಂದೊಂದಾಗಿ, ನೋವಾಗದ ಹಾಗೆ ಬಿಡಿಸಿದಳು. ಕೇಳಬಾರದು ಎಂದುಕೊಂಡಳು.

“ಪುಟ್ಟಿ, ಬೆಳಿಗ್ಗೆ ಕಣದಲ್ಲಿ ಏನು ಓಡಾಡ್ತಿತ್ತು?”

ಕೈ ಕೆಳಗೆ ಆ ಪುಟ್ಟ ಕತ್ತು ಬಿಗಿಯಾಯಿತು. ನಿಖಿತಾ ಅಂಗಳದಾಚೆ ನಿಂತಿದ್ದ ಅಪ್ಪನನ್ನು ನೋಡಿದಳು. ಅವನು ಇತ್ತ ತಿರುಗಿರಲೂ ಇಲ್ಲ.

“ಏನೂ ಇರ್ಲಿಲ್ಲಮ್ಮ.”

ಆಮೇಲೆ ತಿರುಗಿ, ಅಮ್ಮನ ಕೆನ್ನೆ ಸವರಿ, ಮೆಲ್ಲಗೆ ಅಂದಳು: “ನೀನು ಸ್ವಲ್ಪ ಮಲಕ್ಕೋ.”

ಬಾಚಣಿಗೆ ಕೂದಲಲ್ಲೇ ಉಳಿಯಿತು. ನಿಖಿತಾ ಅದನ್ನು ತಾನೇ ಕಿತ್ತು ಅಮ್ಮನ ಮಡಿಲಲ್ಲಿಟ್ಟು ಕಣಕ್ಕೆ ಓಡಿದಳು.

ಅಲ್ಲಿ ಹೆಂಗಸರು ಇಬ್ಬನಿ ಬೀಳುವ ಮೊದಲು ಕಾಫಿಯನ್ನು ಗುಡ್ಡೆ ಮಾಡಿ ನೀಲಿ ಟಾರ್ಪಾಲು ಎಳೆಯುತ್ತಿದ್ದರು. ಕೆಳಗಿನಿಂದ ಗಾಳಿ ನುಗ್ಗಿ ಟಾರ್ಪಾಲು ಉಬ್ಬಿತು. ನಿಖಿತಾ ತನ್ನ ಹೊಟ್ಟೆಗಿಂತ ದೊಡ್ಡ ಕಲ್ಲೊಂದನ್ನು ಎರಡೂ ಕೈಯಲ್ಲಿ ಅಪ್ಪಿ ತಂದು ಅಂಚಿನ ಮೇಲೆ ಇಟ್ಟಳು. ಒಂದು ಮೂಲೆ ಇನ್ನೂ ಪಟಪಟ ಬಡಿಯುತ್ತಿತ್ತು. ಅವಳು ಸುತ್ತ ನೋಡಿ, ಇನ್ನೊಂದು ಕಲ್ಲು ತರಲು ಹೋದಳು.